ಬಚ್ಚಲ ಹಂಡೆಯಿಂದ ಮಾಳಿಗೆಯ ಹಂಡೆಗೆ

ಚರಿತ್ರೆಯೆಂದರೆ ಅರಸರ ಯುದ್ಧಗಳು, ಶಾಸನಗಳು, ದೇವಾಲಯಗಳು ಎಂದೇ ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ರಾಜ್ಯೋತ್ಸವದ ಸಂಚಿಕೆಗಳಲ್ಲಿ ಕದಂಬರೂ ಚಾಲುಕ್ಯರೂ ರಾಷ್ಟ್ರಕೂಟರೂ ಹೊಯ್ಸಳರೂ ವರ್ಷವರ್ಷವೂ ಬಂದು ನಮ್ಮನ್ನು ಹರಸಿ ಹೋಗುತ್ತಾರೆ. ಅವರಿಗೆ ನಮ್ಮ ನಮಸ್ಕಾರಗಳು ಸಲ್ಲಲಿ. ಆದರೆ ಮನೆಯ ಹಿತ್ತಿಲಿಗೂ ಒಂದು ಚರಿತ್ರೆಯುಂಟು, ಬಚ್ಚಲಿಗೂ ಉಂಟು. ನಮ್ಮ ಹಿರಿಯರು ಮೀಯುವ ನೀರನ್ನು ಯಾವುದರಲ್ಲಿ ಕಾಯಿಸಿದರು, ಯಾವುದರಿಂದ ಕಾಯಿಸಿದರು, ಆ ಪಾತ್ರೆಯನ್ನು ಹೇಗೆ ನೋಡಿಕೊಂಡರು ಎಂಬ ಕಥೆಯನ್ನು ಈ ಸಲ ಹೇಳಬೇಕೆಂದು ನಮ್ಮ ಆಸೆ. ಅದಕ್ಕೆ ಕಾರಣವೂ ಇದೆ. ಗವರ್ನರ್‌ಪೇಟೆಯಲ್ಲಿಯೂ ಸುತ್ತಣ ಬೀದಿಗಳಲ್ಲಿಯೂ ನಮ್ಮವರ ಮನೆಗಳ ಮಾಳಿಗೆಯ ಮೇಲೆ ಸೋಲಾರ್ ಹೀಟರುಗಳು ಕಾಣುತ್ತವೆ. ಕೆಲವು ಚೆನ್ನಾಗಿ ದುಡಿಯುತ್ತಿವೆ. ಕೆಲವು ಧೂಳು ಹೊದ್ದು ಸುಮ್ಮನೆ ನಿಂತಿವೆ, ಕೆಳಗೆ ಬಚ್ಚಲಿನಲ್ಲಿ ಗೀಸರು ಉರಿಯುತ್ತಿದೆ. ಈ ವ್ಯತ್ಯಾಸ ಯಂತ್ರದ್ದಲ್ಲ, ಆರೈಕೆಯದು. ಚರಿತ್ರೆಯೂ ಇದನ್ನೇ ಹೇಳುತ್ತದೆಂಬುದನ್ನು ಮುಂದೆ ನೋಡೋಣ.

ಮೀಯುವುದನ್ನು ನಮ್ಮ ನಾಡು ಎಂದೂ ಅಲ್ಪವೆಂದು ಎಣಿಸಲಿಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ಸಂಸ್ಕೃತದಲ್ಲಿ ಬರೆದ ‘ಮಾನಸೋಲ್ಲಾಸ’ದಲ್ಲಿ ಅರಸನ ಉಪಭೋಗಗಳನ್ನು ಎಣಿಸುವಾಗ ಸ್ನಾನಕ್ಕೂ ಒಂದು ಸ್ಥಾನ ಕೊಟ್ಟಿದ್ದಾನೆ. ಅವನ ತಂದೆ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ನಾವು ಈಗ ಬಾಳುತ್ತಿರುವ ಈ ವೆಂಗಿಯ ಕಡೆಗೂ ಕಲ್ಯಾಣದ ಆಳ್ವಿಕೆ ಕೆಲಕಾಲ ಚಾಚಿತ್ತು. ಅರಮನೆಯ ಮಾತು ಹಾಗಿರಲಿ. ಬಡವನ ಮನೆಯಲ್ಲಿಯೂ ಹಬ್ಬದ ಎಣ್ಣೆಸ್ನಾನಕ್ಕೆ, ಬಾಣಂತಿಯ ನೀರಿಗೆ, ಎಳೆಗೂಸಿನ ಮೀಹಕ್ಕೆ ಬಿಸಿನೀರು ಬೇಕೇ ಬೇಕಾಗಿತ್ತು. ಕರಾವಳಿ, ಮಲೆನಾಡುಗಳ ಕಡೆಯವರಂತೂ ಬೇಸಗೆಯಲ್ಲಿಯೂ ಬಿಸಿನೀರನ್ನು ಬಿಡುವವರಲ್ಲ.

ಆ ನೀರು ಕಾಯುತ್ತಿದ್ದುದು ಹಂಡೆಯಲ್ಲಿ. ಬಚ್ಚಲುಮನೆಯ ಮೂಲೆಯಲ್ಲಿ ಮಣ್ಣಿನ ಇಲ್ಲವೆ ಕಲ್ಲಿನ ಒಲೆ, ಅದರ ಮೇಲೆ ಕದಲದಂತೆ ಕೂರಿಸಿದ ತಾಮ್ರದ ಹಂಡೆ. ಮಲೆನಾಡಿನಲ್ಲಿ ಅಡಕೆಯ ಸೋಗೆ, ಹಾಳೆ, ಒಣಗಿದ ಕೊಂಬೆ. ಕರಾವಳಿಯಲ್ಲಿ ತೆಂಗಿನ ಗರಿ, ಚಿಪ್ಪು, ಸಿಪ್ಪೆ. ಬಯಲುಸೀಮೆಯಲ್ಲಿ ಹತ್ತಿಕಟ್ಟಿಗೆ, ತೊಗರಿಕಟ್ಟಿಗೆ, ಬೆರಣಿ. ಹೊಲತೋಟಗಳಲ್ಲಿ ಬೇರೆ ಉಪಯೋಗಕ್ಕೆ ಬಾರದುದೆಲ್ಲ ಹಂಡೆಯ ಒಲೆಗೆ ಆಹಾರ. ಉತ್ತರ ಕರ್ನಾಟಕದ ಮನೆಗಳಲ್ಲಿ ನಡುವೆ ಕೊಳವೆಯಿದ್ದು ಕೆಳಗೆ ಕೆಂಡ ಹಾಕುವ ತಾಮ್ರದ ಬಂಬು ಇರುತ್ತಿತ್ತು. ಇಲ್ಲಿಯ ತೆಲುಗು ನೆರೆಹೊರೆಯವರ ಹಿರಿಯರಿಗೂ ಇದು ಹೊಸದಲ್ಲ. ಅವರು ‘ಕಾಗು’ ಎನ್ನುವುದು ನಮ್ಮ ಹಂಡೆಯ ದಾಯಾದಿಯೇ.

ಈ ಹಂಡೆಯನ್ನು ನೆನೆದು ಕಣ್ಣೀರು ಹಾಕುವುದು ನಮ್ಮ ಉದ್ದೇಶವಲ್ಲ. ಮುಂಜಾನೆ ಮೊದಲೆದ್ದು ಹಸಿ ಕಟ್ಟಿಗೆಯ ಹೊಗೆಯಲ್ಲಿ ಕಣ್ಣುಜ್ಜಿಕೊಂಡು ಒಲೆ ಊದಿದವರು ನಮ್ಮ ತಾಯಂದಿರು, ಅಜ್ಜಿಯರು. ಬಾವಿಯಿಂದ ಕೊಡಕೊಡವಾಗಿ ಸೇದಿ ತುಂಬಿದವರೂ ಅವರೇ. ಮನೆಯ ಗಂಡಸರು ಬಿಸಿನೀರಿನ ಸುಖವನ್ನು ಮಾತ್ರ ಬಲ್ಲರು. ಆದರೆ ಒಂದು ಗುಣ ಆ ವ್ಯವಸ್ಥೆಯಲ್ಲಿತ್ತು: ಹಂಡೆ ದಿನವೂ ಕಣ್ಣಿಗೆ ಬೀಳುತ್ತಿತ್ತು. ಒಲೆಯ ಬೂದಿ ತೆಗೆಯಬೇಕು. ಒಳಗೆ ಕೂತ ಮಡ್ಡಿಯನ್ನು ಬಳಿದು ಚೆಲ್ಲಬೇಕು. ಹುಣಸೆಹಣ್ಣು, ಬೂದಿ ಹಾಕಿ ತಿಕ್ಕಬೇಕು. ತಳ ಸವೆದು ತೂತು ಬಿದ್ದರೆ ಕಂಚುಗಾರನನ್ನು ಕರೆಸಿ ಬೆಸುಗೆ ಹಾಕಿಸಬೇಕು. ಇಷ್ಟು ಮಾಡಿದ ಮನೆಯಲ್ಲಿ ಒಂದೇ ಹಂಡೆ ಮೂರು ತಲೆಮಾರು ಬಾಳುತ್ತಿತ್ತು.

ನಮ್ಮ ಹಿರಿಯರು ಈ ಆರೈಕೆಗೆ ಒಂದು ಹಬ್ಬವನ್ನೇ ಇಟ್ಟಿದ್ದರು. ದೀಪಾವಳಿಯಲ್ಲಿ ನರಕಚತುರ್ದಶಿಯ ಹಿಂದಿನ ಸಂಜೆ ನೀರು ತುಂಬುವ ಹಬ್ಬ. ಅಂದು ಬಚ್ಚಲನ್ನು ತೊಳೆದು, ಹಂಡೆಯನ್ನು ಬೆಳಗಿ, ಒಲೆಯನ್ನು ಸಾರಿಸಿ, ಶೇಡಿ ಕೆಮ್ಮಣ್ಣುಗಳಿಂದ ಚಿತ್ರ ಬರೆದು, ಹಂಡೆಯ ಕೊರಳಿಗೆ ಹಿಂಡಲೆಕಾಯಿಯ ಬಳ್ಳಿ ಸುತ್ತಿ, ಹೊಸ ನೀರು ಸೇದಿ ತುಂಬಿ ಪೂಜೆ ಮಾಡುತ್ತಿದ್ದರು. ನರಕಾಸುರನ ಕಥೆ ಅದರ ಹಿಂದೆ ಇರಲಿ; ಮನೆವಾರ್ತೆಯ ದೃಷ್ಟಿಯಿಂದ ನೋಡಿದರೆ ಅದು ವರ್ಷಕ್ಕೊಮ್ಮೆ ತಪ್ಪದೆ ನಡೆಯುತ್ತಿದ್ದ ದುರಸ್ತಿಯ ದಿನ. ಚಳಿಗಾಲ ಕಾಲಿಡುವ ಮುನ್ನ ನೀರು ಕಾಯಿಸುವ ಸಾಧನವನ್ನು ಬರಿದುಮಾಡಿ, ತೊಳೆದು, ಪರೀಕ್ಷಿಸಿ, ಮತ್ತೆ ತುಂಬುವ ಈ ಕ್ರಮವನ್ನು ಯಾವ ಕಾರಖಾನೆಯ ಕೈಪಿಡಿಯೂ ಇದಕ್ಕಿಂತ ಚೆನ್ನಾಗಿ ಹೇಳಲಾರದು.

ಹೊಟ್ಟೆಪಾಡಿಗೆ ಊರು ಬಿಟ್ಟು ಬಂದಾಗ ಹಂಡೆ ನಮ್ಮೊಡನೆ ಬರಲಿಲ್ಲ. ಬಾಡಿಗೆ ಮನೆಯಲ್ಲಿ ಒಲೆ ಎಲ್ಲಿ ಹೂಡುವುದು, ಸೌದೆ ಎಲ್ಲಿ ಒಟ್ಟುವುದು? ಸೀಮೆಎಣ್ಣೆಯ ಸ್ಟೌವು ಬಂತು, ಗ್ಯಾಸು ಬಂತು, ಬಕೆಟ್ಟಿನಲ್ಲಿ ಇಳಿಬಿಡುವ ಕರೆಂಟಿನ ಕಡ್ಡಿ ಬಂತು, ಕೊನೆಗೆ ಗೀಸರು ಬಂತು. ಕನ್ನಡನಾಡಿನಲ್ಲಿ ವಿದ್ಯುತ್ತಿನ ಕಥೆ ಹಳೆಯದು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗೆ ಹರಿಯಿತು, 1905ರಲ್ಲಿ ಬೆಂಗಳೂರಿನ ಬೀದಿ ಬೆಳಗಿತು. ಅಂದು ಗಣಿಗೂ ಬೀದಿದೀಪಕ್ಕೂ ಮೀಸಲಾಗಿದ್ದ ಶಕ್ತಿ ಕಾಲಕ್ರಮದಲ್ಲಿ ಬಚ್ಚಲಿಗೂ ಇಳಿಯಿತು. ಗುಂಡಿ ಒತ್ತಿದರೆ ನೀರು ಬಿಸಿ, ಹೊಗೆಯಿಲ್ಲ, ಬೂದಿಯಿಲ್ಲ. ಆದರೆ ಒಲೆ ಆರಿತೆಂದು ತಿಳಿಯುವುದು ಭ್ರಮೆ. ಅದು ಮನೆಯಿಂದ ದೂರ ಸರಿಯಿತು, ಅಷ್ಟೆ. ವಿಜಯವಾಡದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ; 1979ರಿಂದ ಇಬ್ರಾಹಿಂಪಟ್ಟಣದ ಉಷ್ಣ ವಿದ್ಯುತ್ ಸ್ಥಾವರದ ಚಿಮಣಿಗಳು ನಮ್ಮ ಕಣ್ಣೆದುರಿಗೇ ಇವೆ. ಅಲ್ಲಿ ಕಲ್ಲಿದ್ದಲು ಸುಟ್ಟು, ಅದರ ಶಾಖದಿಂದ ವಿದ್ಯುತ್ತು ಮಾಡಿ, ಆ ವಿದ್ಯುತ್ತನ್ನು ತಂತಿಯಲ್ಲಿ ತಂದು ಮತ್ತೆ ಶಾಖವಾಗಿಸಿ ನಾವು ಮೀಯುತ್ತೇವೆ. ದಾರಿಯಲ್ಲಿ ಬಹುಪಾಲು ಶಾಖ ಸೋರಿಹೋಗುತ್ತದೆ. ತಲೆಯ ಮೇಲೆ ಸೂರ್ಯನಿರುವಾಗ ಇದು ಮೂಗನ್ನು ಸುತ್ತಿ ಬಳಸಿ ಹಿಡಿದ ಹಾಗೆಯೇ ಸರಿ.

ಸೂರ್ಯನಿಂದಲೇ ನೀರು ಕಾಯಿಸುವ ವಿಚಾರ ಇಂದಿನದಲ್ಲ. 1767ರಲ್ಲಿ ಜಿನೀವಾದ ವಿಜ್ಞಾನಿ ಸೋಸ್ಯೂರ್ ಎಂಬಾತ ಗಾಜು ಮುಚ್ಚಿದ ಪೆಟ್ಟಿಗೆಯನ್ನು ಬಿಸಿಲಿಗಿಟ್ಟು ಒಳಗಿನ ಶಾಖವನ್ನು ಅಳೆಯತೊಡಗಿದನು. ಮುಂದಣ ಪ್ರಯೋಗಗಳಲ್ಲಿ ಅದು ಕುದಿಯುವ ನೀರಿನ ಶಾಖವನ್ನೂ ಮೀರಿತು. 1891ರಲ್ಲಿ ಅಮೆರಿಕದ ಬಾಲ್ಟಿಮೋರಿನ ಕೆಂಪ್ ಎಂಬ ವ್ಯಾಪಾರಿ ಕಪ್ಪು ಬಳಿದ ನೀರಿನ ತೊಟ್ಟಿಗಳನ್ನು ಅಂತಹ ಪೆಟ್ಟಿಗೆಯೊಳಗಿಟ್ಟು ಹಕ್ಕುಪತ್ರ ಪಡೆದನು. ಅದರಲ್ಲಿ ಒಂದು ಕೊರತೆ: ಸಂಜೆಯಾದೊಡನೆ ನೀರು ತಣ್ಣಗಾಗುತ್ತಿತ್ತು. 1909ರಲ್ಲಿ ಕ್ಯಾಲಿಫೋರ್ನಿಯಾದ ವಿಲಿಯಂ ಬೈಲಿ ಶಾಖ ಹಿಡಿಯುವ ಪೆಟ್ಟಿಗೆಯನ್ನೂ ನೀರು ಕೂಡಿಡುವ ಟ್ಯಾಂಕನ್ನೂ ಬೇರೆಮಾಡಿ, ಟ್ಯಾಂಕಿಗೆ ಶಾಖ ಆರದಂತೆ ಹೊದಿಕೆ ಹಾಕಿದನು. ಹಗಲೂ ರಾತ್ರಿಯೂ ಬಿಸಿನೀರು ಸಿಗುವುದರಿಂದ ಅದಕ್ಕೆ ‘ಡೇ ಅಂಡ್ ನೈಟ್’ ಎಂದೇ ಹೆಸರು. ನಮ್ಮ ಮಾಳಿಗೆಯ ಮೇಲಿರುವುದು ಮೂಲತಃ ಇದೇ ಸಾಧನ.

ಹಾಗಾದರೆ ಅಮೆರಿಕದಲ್ಲಿ ಇದು ಆಗಲೇ ಮನೆಮನೆಗೂ ಏಕೆ ಉಳಿಯಲಿಲ್ಲ? 1913ರ ಕಡುಚಳಿಯಲ್ಲಿ ಕೊಳವೆಗಳೊಳಗಿನ ನೀರು ಹೆಪ್ಪುಗಟ್ಟಿ ಕೊಳವೆಗಳು ಸಿಡಿದವು. ಬೈಲಿ ಅದಕ್ಕೆ ಪರಿಹಾರ ಕಂಡುಹಿಡಿದನು. 1920ರ ಸುಮಾರಿಗೆ ಕ್ಯಾಲಿಫೋರ್ನಿಯಾದಲ್ಲಿ ಅಗ್ಗದ ನೈಸರ್ಗಿಕ ಅನಿಲ ದೊರೆತು ವ್ಯಾಪಾರ ಇಳಿಮುಖವಾಯಿತು. ಫ್ಲಾರಿಡಾದ ಮಯಾಮಿ ನಗರದಲ್ಲಿ ಅದು ಇನ್ನೂ ಹೆಚ್ಚಾಗಿ ಹಬ್ಬಿತು. ಆದರೆ ಎರಡನೆಯ ಮಹಾಯುದ್ಧದಲ್ಲಿ ತಾಮ್ರ ಸಿಗದಾಯಿತು. ಅದರೊಡನೆ ಇನ್ನೊಂದು ಪೆಟ್ಟೂ ಬಿತ್ತು. ತಾಮ್ರದ ಕೊಳವೆಗೆ ಉಕ್ಕಿನ ಟ್ಯಾಂಕು ಜೋಡಿಸಿದ್ದ ಕಡೆ ಒಳಗೊಳಗೇ ಉಕ್ಕು ತಿಂದುಹೋಗಿ ಟ್ಯಾಂಕುಗಳು ಸೋರತೊಡಗಿದವು. ದುರಸ್ತಿಗೆ ದುಡ್ಡು ಹಾಕುವುದಕ್ಕಿಂತ ಅಗ್ಗದ ವಿದ್ಯುತ್ತೇ ಲೇಸೆಂದು ಜನ ಹಿಂದಿರುಗಿದರು. ಸೂರ್ಯನಲ್ಲಿ ದೋಷವಿರಲಿಲ್ಲ, ಟ್ಯಾಂಕಿನ ಒಳಗನ್ನು ಯಾರೂ ನೋಡಿರಲಿಲ್ಲ. ಈ ಪಾಠವನ್ನು ನಾವು ಮರೆಯಬಾರದು. ಇಂಧನದ ಬಡತನವಿದ್ದ ಇಸ್ರೇಲಿನಲ್ಲಾದರೋ ಕಥೆ ಬೇರೆಯಾಯಿತು. ಅಲ್ಲಿ 1950ರ ದಶಕದಲ್ಲಿ ಆರಂಭವಾದ ಕೆಲಸ 1980ರಲ್ಲಿ ಹೊಸ ಮನೆಗಳಿಗೆ ಕಡ್ಡಾಯವೆಂಬ ಕಾನೂನಾಯಿತು.

ಭಾರತದಲ್ಲಿ ಈ ಸಾಧನಕ್ಕೆ ತವರುಮನೆ ಒದಗಿಸಿದ್ದು ಕರ್ನಾಟಕ, ಅದರಲ್ಲಿಯೂ ಬೆಂಗಳೂರು. ತಂಪು ಹವೆಯ ಊರಾದ್ದರಿಂದ ವರ್ಷದ ಹೆಚ್ಚಿನ ದಿನ ಬಿಸಿನೀರು ಬೇಕು, ಬಿಸಿಲಿಗೂ ಕೊರತೆಯಿಲ್ಲ. ಮಳೆ ಕೈಕೊಟ್ಟ ವರ್ಷ ಜಲಾಶಯ ಬತ್ತಿ ವಿದ್ಯುತ್ತು ಕಡಿತವಾಗುತ್ತಿತ್ತು. ಅದರ ಮೇಲೆ ಮುಂಜಾನೆ ಎಲ್ಲ ಮನೆಗಳ ಗೀಸರುಗಳೂ ಒಟ್ಟಿಗೆ ಹೊತ್ತಿಕೊಂಡರೆ ತಂತಿಗಳಿಗೆ ಭಾರ ತಡೆಯದು. ಆದ್ದರಿಂದ ಸೋಲಾರ್ ಹೀಟರಿದ್ದ ಮನೆಗೆ ಯುನಿಟ್ಟಿಗೆ 50 ಪೈಸೆಯಂತೆ, ತಿಂಗಳಿಗೆ 50 ರೂಪಾಯಿ ಮೀರದಂತೆ, ವಿದ್ಯುತ್ ಬಿಲ್ಲಿನಲ್ಲಿ ರಿಯಾಯಿತಿ ಕೊಟ್ಟರು. 2007ರಲ್ಲಿ ರಾಜ್ಯ ಸರ್ಕಾರವು ಗೊತ್ತಾದ ಅಳತೆಗೆ ಮೀರಿದ ಹೊಸ ಮನೆಗಳಿಗೆ ಇದನ್ನು ಕಡ್ಡಾಯ ಮಾಡಿತು. 2010ರಲ್ಲಿ ಕೇಂದ್ರ ಸರ್ಕಾರದ ಸೌರ ಅಭಿಯಾನವು 2022ರೊಳಗೆ ದೇಶದಲ್ಲಿ 2 ಕೋಟಿ ಚದರ ಮೀಟರಿನಷ್ಟು ಶಾಖಗ್ರಾಹಕಗಳ ಗುರಿ ಹಾಕಿಕೊಂಡಿತು.

ಈ ಸಂದರ್ಭದಲ್ಲಿ ಒಬ್ಬರ ಹೆಸರನ್ನು ಹೇಳದಿರಲು ಮನಸ್ಸಾಗದು. 1995ರಲ್ಲಿ ಸೆಲ್ಕೋ ಸಂಸ್ಥೆಯನ್ನು ಕಟ್ಟಿ, ಬಡವರ ಮನೆಗೆ ಸೂರ್ಯಶಕ್ತಿಯ ದೀಪ ತಂದು, 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಪಡೆದ ಶ್ರೀ ಹರೀಶ್ ಹಂದೆಯವರು ಕುಂದಾಪುರದ ಕಡೆಯವರು. ಬೆಳೆದದ್ದು ಒಡಿಶಾದ ರೂರ್ಕೆಲಾದಲ್ಲಿ. ಸಾಧನ ಮಾರಿ ಕೈತೊಳೆದುಕೊಳ್ಳದೆ, ಹತ್ತಿರದ ಊರಿನಲ್ಲೇ ದುರಸ್ತಿಯ ಕೇಂದ್ರವಿಟ್ಟು ಮನೆಬಾಗಿಲಿಗೆ ಹೋಗಿ ನೋಡಿಕೊಳ್ಳಬೇಕೆಂಬುದು ಅವರು ಹಿಡಿದ ದಾರಿ. ಹೊರನಾಡಿನಲ್ಲಿ ಬೆಳೆಯುತ್ತಿರುವ ನಮ್ಮ ಮಕ್ಕಳು ಇದನ್ನು ಗಮನಿಸಬೇಕು.

“ಬೆಂಗಳೂರಿಗೆ ಸರಿ, ಬೆಜವಾಡಕ್ಕೇಕೆ ಬಿಸಿನೀರು?” ಎಂದು ಕೆಲವರು ನಗಬಹುದು. ಆಂಗ್ಲರ ಕಾಲದಿಂದ ‘ಬ್ಲೇಜ್‌ವಾಡ’ ಎಂಬ ಅಡ್ಡಹೆಸರು ಹೊತ್ತ ಊರು ನಮ್ಮದು. ಮೇ ತಿಂಗಳಲ್ಲಿ ನಲ್ಲಿಯ ನೀರೇ ಸುಡುತ್ತದೆ. ಆದರೆ ಕಾರ್ತಿಕದಿಂದ ಮಾಘದವರೆಗಿನ ಮುಂಜಾನೆ, ಮಳೆಗಾಲದ ದಿನಗಳು, ಮನೆಯಲ್ಲಿನ ವೃದ್ಧರು, ಬಾಣಂತಿ, ಮಗು, ಹಬ್ಬದ ಅಭ್ಯಂಜನ ಇವೆಲ್ಲ ಇಲ್ಲಿಯೂ ಉಂಟು. ಲೆಕ್ಕ ಹಾಕಿ ನೋಡಿ: 100 ಲೀಟರು ನೀರನ್ನು 25 ಡಿಗ್ರಿಯಿಂದ 60 ಡಿಗ್ರಿಗೆ ಏರಿಸಲು ಸುಮಾರು 4 ಯುನಿಟ್ ವಿದ್ಯುತ್ತು ಬೇಕು. ಬೇಕಾದ ದಿನಗಳನ್ನು ಎಣಿಸಿ ಗುಣಿಸಿದರೆ ಪ್ರತಿ ಮನೆಯೂ ತನ್ನ ಉಳಿತಾಯವನ್ನು ತಾನೇ ಕಂಡುಕೊಳ್ಳಬಹುದು.

ಈಗ ಆರೈಕೆಯ ಮಾತು. ಇದನ್ನು ಬಲ್ಲವರಿಗೆ ಪುನರುಕ್ತಿಯೆನಿಸಿದರೆ ಕ್ಷಮೆಯಿರಲಿ. ಸಾಧನದ ಗುಟ್ಟು ಸುಲಭ. ಬಿಸಿಯಾದ ನೀರು ಹಗುರಾಗಿ ಮೇಲೇರುತ್ತದೆ, ತಣ್ಣೀರು ಭಾರವಾಗಿ ಕೆಳಗಿಳಿಯುತ್ತದೆ. ಅದಕ್ಕಾಗಿಯೇ ಟ್ಯಾಂಕು ಮೇಲೆ, ಪ್ಯಾನೆಲು ಕೆಳಗೆ. ಪಂಪು ಬೇಕಿಲ್ಲ. ಆದರೆ ಈ ಮೌನವಾದ ಸುತ್ತಾಟಕ್ಕೆ ಎಲ್ಲಿಯೂ ಅಡ್ಡಿಯಿರಕೂಡದು. ಪ್ಯಾನೆಲು ದಕ್ಷಿಣಕ್ಕೆ ಮುಖಮಾಡಿ ಓರೆಯಾಗಿ ನಿಂತಿರಬೇಕು. ಹದಿನಾರೂವರೆ ಡಿಗ್ರಿ ಅಕ್ಷಾಂಶದ ನಮ್ಮ ಊರಿನಲ್ಲಿ ಕನಿಷ್ಠ ಅಷ್ಟು ಓರೆ, ಚಳಿಗಾಲದ ತಗ್ಗಿದ ಬಿಸಿಲಿಗಾಗಿ ಇನ್ನೂ ಕೊಂಚ ಹೆಚ್ಚು. ಕೂರಿಸಿದಾಗ ಬಯಲಾಗಿದ್ದ ಕಡೆ ಈಗ ಪಕ್ಕದ ಕಟ್ಟಡ ಎದ್ದಿರಬಹುದು, ತೆಂಗು ಬೆಳೆದಿರಬಹುದು. ವರ್ಷಕ್ಕೊಮ್ಮೆ ಚಳಿಗಾಲದ ನಡುಹಗಲಿನಲ್ಲಿ ಮಾಳಿಗೆ ಹತ್ತಿ ನೆರಳು ಎಲ್ಲಿ ಬೀಳುತ್ತದೆಂದು ನೋಡುವುದು ಒಳ್ಳೆಯದು.

ಏಲೂರು ರಸ್ತೆ, ಬೆಸೆಂಟ್ ರಸ್ತೆಗಳ ನಡುವೆ ಬಾಳುವವರಿಗೆ ಧೂಳಿನ ವಿಷಯ ಹೇಳಬೇಕೆ? ಗಾಜಿನ ಮೇಲೆ ಧೂಳು ಕೂತರೆ ಅದು ಸೂರ್ಯನಿಗೆ ಪರದೆ ಕಟ್ಟಿದಂತೆ. ಹದಿನೈದು ದಿನಕ್ಕೊಮ್ಮೆ ಒದ್ದೆ ಬಟ್ಟೆಯಿಂದ ಒರಸಬೇಕು. ಬೆಳಗಿನ ಜಾವದಲ್ಲಿ ಒರಸಬೇಕು. ನಡುಹಗಲಿನ ಕಾದ ಗಾಜಿಗೆ ತಣ್ಣೀರು ಎರಚಿದರೆ ಗಾಜು ಬಿರಿಯುತ್ತದೆ.

ಎರಡನೆಯ ಶತ್ರು ಸುಣ್ಣ. ಬೋರಿನ ಗಡಸು ನೀರು ಕಾದಾಗ ಸುಣ್ಣ ಬೇರ್ಪಟ್ಟು ತೆಳುವಾದ ತಾಮ್ರದ ಕೊಳವೆಗಳೊಳಗೆ ಕಲ್ಲಾಗಿ ಕೂರುತ್ತದೆ. ನೀರಿನ ಸುತ್ತಾಟ ನಿಧಾನವಾಗಿ, ಕಡೆಗೆ ನಿಲ್ಲುತ್ತದೆ. ಒಳ್ಳೆಯ ಬಿಸಿಲಿನ ದಿನ ಪ್ಯಾನೆಲು ಮುಟ್ಟಲಾರದಷ್ಟು ಕಾದಿದ್ದರೂ ಟ್ಯಾಂಕಿನ ನೀರು ಉಗುರುಬೆಚ್ಚಗೆ ಮಾತ್ರ ಇದ್ದರೆ ಸುಣ್ಣ ಕಟ್ಟಿದೆಯೆಂದೋ ಗಾಳಿ ಸಿಕ್ಕಿಕೊಂಡಿದೆಯೆಂದೋ ಊಹಿಸಬೇಕು. ಹುಣಸೆಯ ಹುಳಿ ಹಂಡೆಯ ಕಿಲುಬನ್ನು ಬಿಡಿಸುತ್ತಿದ್ದಂತೆ ತಕ್ಕ ಆಮ್ಲ ಈ ಸುಣ್ಣವನ್ನು ಕರಗಿಸುತ್ತದೆ. ಆದರೆ ಹೆಚ್ಚಾದರೆ ಲೋಹವನ್ನೂ ತಿನ್ನುವುದರಿಂದ ಆ ಕೆಲಸ ಪಳಗಿದವರಿಗೇ ಬಿಡಬೇಕು. ಸಾಧ್ಯವಿರುವ ಮನೆಯವರು ಸೋಲಾರಿಗೆ ಬೋರಿನ ನೀರಿನ ಬದಲು ನಗರಸಭೆಯ ಮೆದು ನೀರನ್ನು ಕೊಟ್ಟರೆ ಅರ್ಧ ತೊಂದರೆ ತಪ್ಪುತ್ತದೆ. ವರ್ಷಕ್ಕೊಮ್ಮೆಯಾದರೂ ಟ್ಯಾಂಕಿನ ತಳದ ಮಡ್ಡಿಯನ್ನು ಹೊರಬಿಡಬೇಕು.

ಕೆಲವು ಬಗೆಯ ಉಕ್ಕಿನ ಟ್ಯಾಂಕುಗಳ ಒಳಗೆ ಮೆಗ್ನೀಸಿಯಂ ಲೋಹದ ಒಂದು ಸರಳಿರುತ್ತದೆ. ಉಕ್ಕಿಗೆ ಬರುವ ಸವೆತವನ್ನು ಅದು ತಾನು ಹೊತ್ತು ಕರಗುತ್ತದೆ, ಮನೆಯ ಹಿರಿಯಣ್ಣನಂತೆ. ಅದು ಪೂರ್ತಿ ಕರಗಿದ ಮೇಲೆ ಸರದಿ ಟ್ಯಾಂಕಿನದು. ಮಯಾಮಿಯ ಕಥೆಯನ್ನು ನಾವು ಹೇಳಿದ್ದು ಇದಕ್ಕಾಗಿಯೇ. ವರ್ಷಕ್ಕೊಮ್ಮೆ ತೆಗೆದು ನೋಡಿ ಸವೆದಿದ್ದರೆ ಬದಲಾಯಿಸುವ ಖರ್ಚು, ಹೊಸ ಟ್ಯಾಂಕಿನ ಬೆಲೆಯ ಮುಂದೆ ಏನೇನೂ ಅಲ್ಲ. ಟ್ಯಾಂಕಿನ ನೆತ್ತಿಯಿಂದ ಮೇಲೆದ್ದ ಗಾಳಿಯ ಕೊಳವೆಗೆ ಕಣಜ ಗೂಡು ಕಟ್ಟಿದರೆ, ಕಸ ತುಂಬಿದರೆ, ನೀರು ತೆಗೆಯುವಾಗ ಗಾಳಿ ಒಳಬಾರದೆ ಟ್ಯಾಂಕು ನುಗ್ಗಾಗಬಹುದು. ಅದನ್ನು ಎಂದೂ ಮುಚ್ಚಬಾರದು.

ಗಾಜಿನ ಟ್ಯೂಬುಗಳ ಹೀಟರಿದ್ದವರು ಪ್ರತಿ ಟ್ಯೂಬಿನ ಕೆಳತುದಿಯನ್ನು ನೋಡಬೇಕು. ಅದು ಬೆಳ್ಳಿಯಂತೆ ಹೊಳೆಯುತ್ತಿದ್ದರೆ ಕ್ಷೇಮ. ಹಾಲಿನಂತೆ ಬೆಳ್ಳಗಾಗಿದ್ದರೆ ಒಳಗಿನ ನಿರ್ವಾತ ಹೋಗಿದೆ, ಟ್ಯೂಬು ಬದಲಾಯಿಸಬೇಕು. ಬಾಯಿಯ ರಬ್ಬರ್ ಉಂಗುರ ಬಿರಿದು ತೊಟ್ಟಿಕ್ಕುತ್ತಿದೆಯೇ ಎಂದೂ ನೋಡಬೇಕು.

“ಸೋಲಾರ್ ಹಾಕಿಸಿಯೂ ಬಿಲ್ಲು ಇಳಿಯಲಿಲ್ಲ” ಎಂಬ ದೂರು ಸಾಮಾನ್ಯ. ಮೋಡದ ದಿನಕ್ಕೆಂದು ಟ್ಯಾಂಕಿಗೆ ಕೂಡಿಸಿದ ಕರೆಂಟಿನ ಕಾಯಿಲನ್ನು ಮಳೆಗಾಲದಲ್ಲಿ ಹಾಕಿ, ಆರಿಸಲು ಮರೆತಿರುವುದೇ ಬಹಳ ಸಲ ಕಾರಣ. ರಾತ್ರಿಯೆಲ್ಲ ವಿದ್ಯುತ್ತೇ ನೀರು ಕಾಯಿಸಿಟ್ಟರೆ ಬೆಳಗ್ಗೆ ಬಂದ ಸೂರ್ಯನಿಗೆ ಕೆಲಸವೇನು ಉಳಿಯಿತು? ಇನ್ನೊಂದು ಕಾರಣ ಬಚ್ಚಲಿನ ಕೂಡುನಲ್ಲಿ. ಅದರ ಒಳಬಿಲ್ಲೆ ಸವೆದರೆ ತಣ್ಣೀರು ಬಿಸಿನೀರಿನ ಕೊಳವೆಗೆ ನುಗ್ಗಿ ಮಾಳಿಗೆಯ ಶಾಖವನ್ನು ಕೆಡಿಸುತ್ತದೆ. ಬಿಸಿನೀರಿನ ಕೊಳವೆಯ ಹೊದಿಕೆ ಬಿಸಿಲಿಗೆ ಪುಡಿಯಾಗಿದ್ದರೆ ಹೊಸದನ್ನು ಸುತ್ತಿಸಬೇಕು. ನಲ್ಲಿ ತಿರುಗಿಸಿದೊಡನೆ ಬರುವ ತಣ್ಣೀರನ್ನು ಬಕೆಟ್ಟಿಗೆ ಹಿಡಿದು ಪಾತ್ರೆಗೋ ಗಿಡಕ್ಕೋ ಬಳಸಿದರೆ ನೀರೂ ಉಳಿಯಿತು. ಬೇಸಗೆಯ ರಜೆಯಲ್ಲಿ ಊರಿಗೆ ಹೋಗುವಾಗ ಪ್ಯಾನೆಲಿಗೆ ಒಂದು ದಪ್ಪ ಬಟ್ಟೆ ಹೊದಿಸಿ ಕಟ್ಟಿ ಹೋಗಿರಿ. ಬಳಸುವವರಿಲ್ಲದೆ ನೀರು ಕುದಿಕುದಿದು ಸಾಧನ ಸವೆಯುವುದು ತಪ್ಪುತ್ತದೆ. ಕರಾವಳಿಗೆ ಸಮೀಪದ ಊರಾದ್ದರಿಂದ ಬಿರುಗಾಳಿಯ ಕಾಲಕ್ಕೆ ಮುನ್ನ ಚೌಕಟ್ಟಿನ ಬೋಲ್ಟುಗಳನ್ನು ಬಿಗಿಸುವುದನ್ನೂ ಮರೆಯಬಾರದು.

ಇಷ್ಟೆಲ್ಲವನ್ನೂ ಯಾರು, ಯಾವಾಗ ಮಾಡುವುದು? ನಮ್ಮ ಸಲಹೆ ಇದು. ಹಂಡೆ ಬಚ್ಚಲು ಬಿಟ್ಟು ಮಾಳಿಗೆ ಹತ್ತಿದಾಗ ಅದು ನಮ್ಮ ಕಣ್ಣಿನಿಂದ ಮರೆಯಾಯಿತು. ನೀರು ತುಂಬುವ ಹಬ್ಬ ಮಾತ್ರ ಕೆಳಗೇ ಉಳಿದು, ಪ್ಲಾಸ್ಟಿಕ್ ಬಕೆಟ್ಟಿಗೆ ಕುಂಕುಮ ಇಡುವಲ್ಲಿಗೆ ಬಂದು ನಿಂತಿದೆ. ಆ ಹಬ್ಬವನ್ನು ನಾವು ಮಾಳಿಗೆಗೆ ಹತ್ತಿಸೋಣ. ದೀಪಾವಳಿಗೆ ಮುಂಚಿನ ವಾರ ಪ್ಲಂಬರನ್ನು ಕರೆಸಿ ಟ್ಯಾಂಕು ಬರಿದುಮಾಡಿಸಿ, ಮಡ್ಡಿ ತೆಗೆಸಿ, ಸರಳು ನೋಡಿಸಿ, ಗಾಜು ತೊಳೆದು, ಹಬ್ಬದ ಸಂಜೆ ಹೊಸ ನೀರು ತುಂಬೋಣ. ಮಕ್ಕಳನ್ನೂ ಮೇಲೆ ಕರೆದೊಯ್ದು ತೋರಿಸೋಣ. ಈ ಸಲ ಗಂಡಸರೂ ಕೈಹಚ್ಚಲಿ. ಅಜ್ಜಿಯರ ಕಣ್ಣಿಗೆ ಹೋದ ಹೊಗೆಯ ಋಣ ಅಷ್ಟಾದರೂ ತೀರಲಿ. ಅಪಾರ್ಟುಮೆಂಟುಗಳಲ್ಲಿರುವವರು ನಾಲ್ಕಾರು ಮನೆಗಳವರು ಕೂಡಿ ಒಂದೇ ದಿನ ಮಾಡಿಸಿದರೆ ಖರ್ಚೂ ಕಡಮೆ, ತೆಲುಗು ನೆರೆಯವರೊಡನೆ ಹಬ್ಬವೂ ಆಯಿತು. ನರಕಚತುರ್ದಶಿಯ ಎಣ್ಣೆಸ್ನಾನ ಅವರಿಗೂ ಉಂಟಷ್ಟೆ.

1956ರ ನವೆಂಬರ್ 1ರಂದು ನಮ್ಮ ಕನ್ನಡ ರಾಜ್ಯ ಒಂದಾಯಿತು. ಅದೇ ದಿನ ಈ ತೆಲುಗುನಾಡೂ ಆಂಧ್ರಪ್ರದೇಶವಾಗಿ ರೂಪುಗೊಂಡಿತು. ಕೃಷ್ಣೆ ಬಾಗಲಕೋಟೆ, ವಿಜಯಪುರ, ರಾಯಚೂರುಗಳ ನೆಲವನ್ನು ತೊಯಿಸಿ, ತುಂಗಭದ್ರೆಯನ್ನು ಕೂಡಿಕೊಂಡು, ಪ್ರಕಾಶಂ ಬ್ಯಾರೇಜಿನ ಬಳಿ ನಮ್ಮ ನಲ್ಲಿಗಳಿಗೆ ದೊರೆಯುತ್ತಾಳೆ. ನೀರು ಆ ನಾಡಿನಿಂದ ಹರಿದು ಬಂದದ್ದು, ಬಿಸಿಲು ಈ ನಾಡಿನದು. ಎರಡೂ ನಮಗೆ ಬೆಲೆಯಿಲ್ಲದೆ ದೊರೆತಿವೆ. ಅವುಗಳನ್ನು ಕೂಡಿಸುವ ಹಂಡೆಯನ್ನು ಶುಚಿಯಾಗಿ, ಸುಸ್ಥಿತಿಯಲ್ಲಿ ಇಟ್ಟುಕೊಳ್ಳುವ ಶ್ರಮವಷ್ಟೇ ನಮ್ಮ ಪಾಲಿನದು.